ಗೀಜಗನ ಗೂಡಿನ ಮಣ್ಣು: ಒಂದು ವರ್ತನೆಯಿಂದ ಪ್ರಶ್ನೆಗಳು ರೂಪುಗೊಂಡ ಪ್ರಕರಣ

ಕಾಸರಗೋಡು ಜಿಲ್ಲೆಯ ಕುಂಬಳೆ–ಬದಿಯಡ್ಕ ರಸ್ತೆಯ ಆಸುಪಾಸಿನಲ್ಲಿ ಏಣೆಲು (ಮಳೆಗಾಲದ ಭತ್ತದ ಬೆಳೆ) ಬೇಸಾಯ ಇನ್ನೂ ಉಳಿದಿರುವ ಕೆಲವೇ ಬೈಲುಗಳಿವೆ. ಅಂಥ ಒಂದು ಬೈಲಿನ ಅಂಚಿಗೆ ತೆಂಗಿನ ಮರಗಳ ಸಾಲಿದ್ದು, ಮಳೆ ಹಿಡಿದು ಗದ್ದೆಯ ನೇಜಿ ಮೇಲೆದ್ದ ಬಳಿಕ ಆ ಮರಗಳ ಮಡಲಿನ ತುದಿಗಳಲ್ಲಿ ಗೀಜಗಗಳು ಗೂಡು ನೇಯಲು ತೊಡಗುತ್ತವೆ. ಊರಿನ ಕನ್ನಡ ಮಾಧ್ಯಮ ಪ್ರೌಢಶಾಲೆಯ ನಾಲ್ವರು ಮಕ್ಕಳು ಕೇರಳದ ಶಾಲಾ ಶಾಸ್ತ್ರೋತ್ಸವದ (ವಿಜ್ಞಾನ ಮೇಳದ) ಸಂಶೋಧನಾ ಯೋಜನೆಗೆಂದು ಈ ಹಕ್ಕಿಯನ್ನೇ ಆರಿಸಿಕೊಂಡರು. ಅವರಿಗೆ ಮಾರ್ಗದರ್ಶನ ಮಾಡುವ ಹೊಣೆ ನನ್ನದಾಗಿತ್ತು. ಅವರು ಕಂಡ ವರ್ತನೆ ಚಿಕ್ಕದು: ಅರ್ಧ ನೇಯ್ದ ಗೂಡಿನ ಒಳಗೋಡೆಗೆ ಗಂಡು ಹಕ್ಕಿ ಹಸಿಮಣ್ಣನ್ನು ತಂದು ಮೆತ್ತುತ್ತದೆ. ಇದಕ್ಕೆ ಕಾರಣವೇನೆಂದು ಕೇಳಿದರೆ ಊರಿನಲ್ಲಿ ಉತ್ತರಗಳಿಗೆ ಬರವಿಲ್ಲ. ಆ ಉತ್ತರಗಳನ್ನೆಲ್ಲ ಬದಿಗಿಟ್ಟು, ಅವುಗಳಲ್ಲಿ ಯಾವುದನ್ನು ಹೇಗೆ ಪರೀಕ್ಷಿಸಬಹುದು ಎಂಬಲ್ಲಿಗೆ ಮಕ್ಕಳು ತಲುಪಿದ ದಾರಿಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಪ್ರಾಣಿಗಳ ವರ್ತನೆಯನ್ನು ಕುರಿತ ಶಾಲಾ ಯೋಜನೆಗಳು ಹೆಚ್ಚಾಗಿ ಉತ್ತರದಿಂದ ಶುರುವಾಗಿ ಉತ್ತರದಲ್ಲಿಯೇ ಮುಗಿಯುತ್ತವೆ. ನಡುವೆ ಇರಬೇಕಾದ ಪ್ರಶ್ನೆಗೆ ಜಾಗವೇ ಇರುವುದಿಲ್ಲ. ಈ ಕೊರತೆ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ.

ಹಕ್ಕಿಯ ಬಗ್ಗೆ ತಿಳಿದಿರುವ ಸಂಗತಿಗಳು

ಗೀಜಗ ಗುಬ್ಬಚ್ಚಿಯಷ್ಟೇ ದೊಡ್ಡ ಹಕ್ಕಿ. ಸಂತಾನಕಾಲದಲ್ಲಿ ಗಂಡಿನ ನೆತ್ತಿ ಮತ್ತು ಎದೆ ಅಚ್ಚ ಹಳದಿಯಾಗಿ, ಕೆನ್ನೆ–ಗಂಟಲು ಕಪ್ಪಾಗುತ್ತವೆ. ಹೆಣ್ಣು ವರ್ಷವಿಡೀ ಗುಬ್ಬಚ್ಚಿಯ ಬಣ್ಣದಲ್ಲಿಯೇ ಇರುತ್ತದೆ. ಗೂಡು ನೇಯುವುದು ಗಂಡು. ಭತ್ತದ ಗರಿ, ಒರಟು ಹುಲ್ಲು, ತೆಂಗಿನ ಗರಿ ಇವುಗಳಿಂದ 20ರಿಂದ 60 ಸೆಂಟಿಮೀಟರ್ ಉದ್ದದ ಸೀಳುಗಳನ್ನು ಕೊಕ್ಕಿನಿಂದ ಹರಿದು ತಂದು, ಮೊದಲು ಮಡಲಿನ ಗರಿಗೆ ಗಂಟು ಹಾಕಿ, ಅನಂತರ ಒಂದು ಬಳೆಯನ್ನೂ ಆಮೇಲೆ ಅದರ ಮೇಲೆ ಗುಮ್ಮಟವನ್ನೂ ಕಟ್ಟುತ್ತದೆ. ಈ ಹಂತದಲ್ಲಿ ಗೂಡು ಕೆಳಗಿನಿಂದ ತೆರೆದಿರುವ ಟೋಪಿಯ ಆಕಾರದಲ್ಲಿದ್ದು, ಟೋಪಿಯ ಬಾಯಿಗೆ ಅಡ್ಡಲಾಗಿ ಒಂದು ಗಟ್ಟಿ ಪಟ್ಟಿ ಇರುತ್ತದೆ. ಪಟ್ಟಿಯ ಒಂದು ಬದಿ ಮುಂದೆ ಮೊಟ್ಟೆಯ ಕೋಣೆಯಾಗುತ್ತದೆ, ಇನ್ನೊಂದು ಬದಿಯಿಂದ ಉದ್ದನೆಯ ಕೊಳವೆ ಇಳಿಯುತ್ತದೆ. ಪೂರ್ತಿ ಗೂಡಿಗೆ ಸುಮಾರು 18 ದಿನ ಬೇಕು. ಅದರಲ್ಲಿ ಟೋಪಿ ಹಂತಕ್ಕೆ ಬರುವುದಕ್ಕೇ ಸುಮಾರು 8 ದಿನ ಹಿಡಿಯುತ್ತದೆ. ಒಂದು ಗೂಡು ಮುಗಿಯಲು ಗಂಡು 500 ಸಲದವರೆಗೂ ಹುಲ್ಲು ತರಲು ಹಾರಬೇಕಾಗಬಹುದು.

ಟೋಪಿ ಹಂತ ಮುಖ್ಯವಾಗುವುದಕ್ಕೆ ಕಾರಣವಿದೆ. ಸಲೀಂ ಅಲಿಯವರು 1930ರಲ್ಲಿ ಮಹಾರಾಷ್ಟ್ರದ ಕರಾವಳಿಯ ಕಿಹಿಮ್ ಎಂಬ ಊರಿನಲ್ಲಿ ಗೀಜಗಗಳನ್ನು ದಿನಗಟ್ಟಲೆ ನೋಡಿ, ಹೆಣ್ಣುಗಳು ಗುಂಪಿಗೆ ಬಂದು ಗೂಡುಗಳನ್ನು ಪರೀಕ್ಷಿಸುವುದು ಈ ಅರ್ಧ ಕಟ್ಟಿದ ಹಂತದಲ್ಲಿ ಎಂದು ಕಂಡುಕೊಂಡರು. ಹೆಣ್ಣು ಒಪ್ಪಿದರೆ ಗಂಡು ಕೋಣೆಯನ್ನೂ ಕೊಳವೆಯನ್ನೂ ಮುಗಿಸುತ್ತದೆ, ಆಮೇಲೆ ಅದೇ ಮರದಲ್ಲಿ ಎರಡನೆಯ ಗೂಡಿಗೆ ತೊಡಗಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಒಪ್ಪಿಗೆ ಸಿಗದ ಗೂಡುಗಳು ಟೋಪಿಯಾಗಿಯೇ ಒಣಗುತ್ತವೆ. ಮೊಟ್ಟೆಗೆ ಕಾವು ಕೊಡುವುದು ಹೆಣ್ಣೊಂದೇ. ಮಕ್ಕಳಿಗೆ ನಾನು ಮೊದಲೇ ಹೇಳಿದ್ದು ಇಷ್ಟನ್ನು ಮಾತ್ರ. ಮಣ್ಣಿನ ಸಂಗತಿಯನ್ನು ಅವರು ತಾವೇ ಕಂಡರು.

ಕಂಡದ್ದನ್ನು ಬರೆಯುವುದು

ಅವರು ಬೈಲಿನ ಹುಣಿಯ (ಗದ್ದೆಯ ಬದುವಿನ) ಮೇಲೆ ಕುಳಿತು ಶಾಲೆಯ ದುರ್ಬೀನಿನಲ್ಲಿ ನೋಡುತ್ತಿದ್ದಾಗ ಒಂದು ಗಂಡು ಹಕ್ಕಿ ಹಸಿರು ಸೀಳಿನ ಬದಲು ಕೊಕ್ಕಿನ ತುದಿಯಲ್ಲಿ ಕಪ್ಪಾದ ಒಂದು ಮುದ್ದೆಯನ್ನು ಹಿಡಿದು ಬಂದು, ಟೋಪಿಯ ಒಳಗೆ ಪಟ್ಟಿಯ ಮೇಲೆ ಕಾಲೂರಿ, ಕತ್ತನ್ನು ಮೇಲಕ್ಕೆ ಚಾಚಿ, ಮುದ್ದೆಯನ್ನು ಗೋಡೆಗೆ ಒತ್ತಿ ಕೊಕ್ಕನ್ನು ಎಡಕ್ಕೂ ಬಲಕ್ಕೂ ಉಜ್ಜಿತು. ಸ್ವಲ್ಪ ಹೊತ್ತಿನಲ್ಲಿ ಹಾಗೆಯೇ ಮತ್ತೊಮ್ಮೆ ಬಂದಿತು, ಈ ಸಲ ಎದುರು ಗೋಡೆಗೆ ಒತ್ತಿತು. ಎರಡು ಬಾರಿಯೂ ಅದು ಎದ್ದುಬಂದದ್ದು ಗದ್ದೆಯ ಹುಣಿಯ ಒಂದೇ ಕಡೆಯಿಂದ.

ಮರುದಿನ ನೋಟುಪುಸ್ತಕಗಳಲ್ಲಿ ಬೇರೆ ಬೇರೆ ವಾಕ್ಯಗಳಿದ್ದವು. ಒಬ್ಬಳು, ಗಂಡು ಹಕ್ಕಿ ಹೆಣ್ಣನ್ನು ಮೆಚ್ಚಿಸಲು ಗೂಡಿಗೆ ಮಣ್ಣು ಸಾರಿಸಿತು ಎಂದು ಬರೆದಿದ್ದಳು. ಇನ್ನೊಬ್ಬ, ಗಾಳಿಗೆ ಗೂಡು ಹಾರಬಾರದೆಂದು ಹಕ್ಕಿ ಭಾರ ಹೇರಿತು ಎಂದಿದ್ದ. ಮೂರನೆಯವಳು, ರಾತ್ರಿ ಬೆಳಕಿಗಾಗಿ ಮಿಣುಕುಹುಳ ಅಂಟಿಸಲು ಹಕ್ಕಿ ಮಣ್ಣು ತಂದಿತು ಎಂದು ತನ್ನ ಅಜ್ಜಿಯ ಮಾತನ್ನು ಸೇರಿಸಿ ಬರೆದಿದ್ದಳು. ನಾಲ್ಕನೆಯವನ ಪುಸ್ತಕದಲ್ಲಿ ಹಕ್ಕಿ ಎಷ್ಟು ಹೊತ್ತಿಗೆ ಬಂತು, ಎಲ್ಲಿಂದ ಬಂತು, ಯಾವ ಗೋಡೆಗೆ ಒತ್ತಿತು ಎಂಬುದಷ್ಟೇ ಇತ್ತು. ಅವನಿಗೆ ಅದು ಅಪೂರ್ಣ ಕೆಲಸವೆಂಬ ಅಳುಕಿತ್ತು. ನನ್ನ ದೃಷ್ಟಿಯಲ್ಲಿ ಆ ದಿನದ ಅತ್ಯಂತ ಬೆಲೆಬಾಳುವ ಪುಟ ಅದೇ. ಒಂದೇ ಘಟನೆಗೆ ಮೂರು ಕಾರಣಗಳು ಬಂದಿರುವಾಗ ಆ ಮೂರರಲ್ಲಿ ಯಾವುದೂ ಕಣ್ಣಿಗೆ ಕಂಡದ್ದಲ್ಲ. ಮೆಚ್ಚಿಸುವುದು, ಭಾರ ಹೇರುವುದು, ಬೆಳಕು ಮಾಡುವುದು ಇವೆಲ್ಲ ಹಕ್ಕಿಯ ಕೆಲಸಕ್ಕೆ ನೋಡುವವರು ಕೊಟ್ಟ ಅರ್ಥಗಳು. ಮಕ್ಕಳು ಇದನ್ನು ಬೇಗ ಒಪ್ಪಿದರು, ಏಕೆಂದರೆ ಮೂವರ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟಾಗ ಬೇರೆ ವಾದ ಬೇಕಾಗಲಿಲ್ಲ.

ಮುಂದಿನ ವಾರಗಳಲ್ಲಿ ಅವರು ನಾಲ್ಕನೆಯವನ ಕ್ರಮವನ್ನೇ ಹಿಡಿದರು. ಕೊಕ್ಕಿನಲ್ಲಿ ಏನಿತ್ತು, ಗೂಡು ಯಾವ ಹಂತದಲ್ಲಿತ್ತು, ಗೋಡೆಯ ಯಾವ ಎತ್ತರದಲ್ಲಿ ಮೆತ್ತಿತು, ಆಗ ಹತ್ತಿರದಲ್ಲಿ ಹೆಣ್ಣುಹಕ್ಕಿಗಳಿದ್ದವೇ, ಗಾಳಿ ಹೇಗಿತ್ತು ಇವಿಷ್ಟನ್ನು ಪ್ರತಿ ಸಲ ಬರೆಯಬೇಕೆಂದು ತೀರ್ಮಾನಿಸಿದರು. ಹೀಗೆ ಬರೆಯತೊಡಗಿದ ಮೇಲೆ ಪ್ರಶ್ನೆಗಳು ತಾವಾಗಿಯೇ ಮೇಲೆದ್ದವು. ಬಳೆಯ ಹಂತದಲ್ಲಿ ಯಾವ ಹಕ್ಕಿಯೂ ಮಣ್ಣು ತಂದದ್ದು ಕಾಣಲಿಲ್ಲ, ಕೊಳವೆ ಇಳಿಯತೊಡಗಿದ ಗೂಡಿಗೂ ತಂದದ್ದು ಕಾಣಲಿಲ್ಲ. ತಂದದ್ದೆಲ್ಲ ನಡುವಣ ಟೋಪಿ ಹಂತದಲ್ಲಿ. ಹೆಣ್ಣು ಮಣ್ಣು ತಂದದ್ದು ಒಮ್ಮೆಯೂ ಇಲ್ಲ. ಗೀಜಗವನ್ನು ಹಿಂದೆ ಅಭ್ಯಾಸ ಮಾಡಿದವರು ದಾಖಲಿಸಿರುವುದೂ ಇದನ್ನೇ. ಹಾಗಿದ್ದರೆ ಮಣ್ಣಿನ ಕೆಲಸ ಏನೇ ಇರಲಿ, ಅದು ಈ ಹಂತಕ್ಕೆ ಸಂಬಂಧಪಟ್ಟದ್ದಾಗಿರಬೇಕು ಅಥವಾ ಈ ಹಂತದಲ್ಲಿ ಮಾತ್ರ ಮಾಡಲು ಸಾಧ್ಯವಿರುವಂಥದ್ದಾಗಿರಬೇಕು.

ಕಾರಣದ ನಾಲ್ಕು ದಿಕ್ಕುಗಳು

ಈ ಹೊತ್ತಿಗೆ ಮಕ್ಕಳಲ್ಲಿ ಒಂದು ಜಗಳ ಹುಟ್ಟಿತ್ತು. ಒಬ್ಬಳು, ಮಳೆಗಾಲದಲ್ಲಿ ಹಾರ್ಮೋನು ಏರುವುದರಿಂದ ಹಕ್ಕಿ ಹೀಗೆ ಮಾಡುತ್ತದೆ ಎಂದು ಎಲ್ಲಿಯೋ ಓದಿಕೊಂಡು ಬಂದಳು. ಇನ್ನೊಬ್ಬ, ಅಲ್ಲ, ಗಾಳಿಯಿಂದ ಗೂಡನ್ನು ಕಾಪಾಡಲಿಕ್ಕೆ ಎಂದು ಪಟ್ಟುಹಿಡಿದ. ಎರಡೂ ಒಟ್ಟಿಗೆ ನಿಜವಾಗಿರಬಹುದು ಎಂಬುದನ್ನು ತಿಳಿಸಲು ನಾನು ನಿಕೋ ಟಿನ್‌ಬರ್ಗನ್ ಅವರ ವಿಂಗಡಣೆಯನ್ನು ಪರಿಚಯಿಸಿದೆ. ಪ್ರಾಣಿಗಳ ವರ್ತನೆಯ ಅಧ್ಯಯನಕ್ಕಾಗಿ 1973ರಲ್ಲಿ ಕೊನ್ರಾಡ್ ಲೊರೆಂಜ್ ಮತ್ತು ಕಾರ್ಲ್ ಫಾನ್ ಫ್ರಿಶ್ ಅವರೊಂದಿಗೆ ನೊಬೆಲ್ ಪಡೆದ ಟಿನ್‌ಬರ್ಗನ್, ಅದಕ್ಕೆ ಹತ್ತು ವರ್ಷ ಮೊದಲು, 1963ರಲ್ಲಿ, ಯಾವುದೇ ವರ್ತನೆಯ ಬಗ್ಗೆ ನಾಲ್ಕು ಬೇರೆ ಬೇರೆ ಪ್ರಶ್ನೆಗಳನ್ನು ಕೇಳಬೇಕೆಂದು ವಿವರಿಸಿದ್ದರು. ಆ ಕ್ಷಣದಲ್ಲಿ ಪ್ರಾಣಿಯ ದೇಹದ ಒಳಗೂ ಹೊರಗೂ ಏನು ನಡೆದು ಈ ವರ್ತನೆ ಹೊರಡುತ್ತದೆ ಎಂಬುದು ಒಂದು. ಮರಿಯಿಂದ ಪ್ರಾಯಕ್ಕೆ ಬರುವಷ್ಟರಲ್ಲಿ ಅದು ಹೇಗೆ ರೂಪುಗೊಳ್ಳುತ್ತದೆ, ಕಲಿಕೆಯ ಪಾಲೆಷ್ಟು ಎಂಬುದು ಇನ್ನೊಂದು. ಅದರಿಂದ ಪ್ರಾಣಿಯ ಉಳಿವಿಗೂ ಸಂತಾನಕ್ಕೂ ಏನು ಪ್ರಯೋಜನ ಎಂಬುದು ಮೂರನೆಯದು. ಆ ಪ್ರಾಣಿಯ ವಂಶದಲ್ಲಿ ಅದು ಯಾವ ಪೂರ್ವರೂಪದಿಂದ ವಿಕಾಸವಾಗಿ ಬಂದಿತು ಎಂಬುದು ನಾಲ್ಕನೆಯದು.

ಹಗಲು ಉದ್ದವಾದಂತೆ ಗಂಡು ಗೀಜಗನ ವೃಷಣ ಬೆಳೆದು ಹಾರ್ಮೋನು ಏರುತ್ತದೆ ಎಂಬುದು ಪ್ರಯೋಗಗಳಿಂದ ಗೊತ್ತಾಗಿರುವ ವಿಷಯ. ಅದು ಮೊದಲನೆಯ ಪ್ರಶ್ನೆಗೆ ಉತ್ತರದ ಒಂದು ತುಂಡು. ಗಾಳಿಯ ವಿಚಾರ ಮೂರನೆಯ ಪ್ರಶ್ನೆಗೆ ಸೇರಿದ್ದು. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಆದರೆ ಗಾಳಿ, ಹೆಣ್ಣಿನ ಮೆಚ್ಚುಗೆ, ಮಿಣುಕುಹುಳ ಈ ಮೂರೂ ಪ್ರಯೋಜನದ ಪ್ರಶ್ನೆಗೆ ಬಂದ ಉತ್ತರಗಳಾದ್ದರಿಂದ ಇವುಗಳ ನಡುವೆ ನಿಜವಾದ ಪೈಪೋಟಿ ಇದೆ. ಯಾವುದು ಯಾವುದಕ್ಕೆ ಎದುರಾಳಿ ಎಂಬುದು ತಿಳಿಯದೆ ಮಾಡುವ ಚರ್ಚೆ ಎಷ್ಟು ಬಿಸಿಯಾಗಿದ್ದರೂ ಮುಂದೆ ಸಾಗುವುದಿಲ್ಲ.

ಒಂದೇ ವರ್ತನೆಗೆ ಹಲವು ಪ್ರಯೋಜನಗಳನ್ನು ಊಹಿಸಿ ಅವುಗಳನ್ನು ಒಂದೊಂದಾಗಿ ಒರೆಗೆ ಹಚ್ಚುವ ಬಗೆಗೆ ಟಿನ್‌ಬರ್ಗನ್ ತಂಡ 1962ರಲ್ಲಿ ಪ್ರಕಟಿಸಿದ ಕೆಲಸ ಒಳ್ಳೆಯ ಮಾದರಿ. ಕರಿತಲೆಯ ಕಡಲಕ್ಕಿ ಮರಿ ಹೊರಬಂದ ಮೇಲೆ ಒಡೆದ ಮೊಟ್ಟೆಯ ಚಿಪ್ಪನ್ನು ಕೊಕ್ಕಿನಲ್ಲಿ ಎತ್ತಿ ದೂರ ಹಾಕಿಬರುತ್ತದೆ. ಚಿಪ್ಪಿನ ಅಂಚು ಮರಿಗೆ ತಾಗಬಹುದು, ಚಿಪ್ಪಿನಲ್ಲಿ ಕೊಳೆ ಬೆಳೆಯಬಹುದು, ಚಿಪ್ಪಿನ ಒಳಗಿನ ಬಿಳುಪು ಶತ್ರುವಿನ ಕಣ್ಣಿಗೆ ಬೀಳಬಹುದು ಎಂದು ಹಲವು ಕಾರಣಗಳನ್ನು ಹೇಳಬಹುದಿತ್ತು. ಅವರು ಮೊಟ್ಟೆಗಳನ್ನು ನೆಲದಲ್ಲಿ ಹರಡಿ, ಕೆಲವಕ್ಕೆ ಒಡೆದ ಚಿಪ್ಪನ್ನು ಹತ್ತಿರ, ಕೆಲವಕ್ಕೆ ದೂರ ಇಟ್ಟು, ಯಾವುದನ್ನು ಕಾಗೆ ಮತ್ತು ದೊಡ್ಡ ಕಡಲಕ್ಕಿಗಳು ಹೆಚ್ಚು ಕದಿಯುತ್ತವೆ ಎಂದು ನೋಡಿದರು. ಚಿಪ್ಪು ಹತ್ತಿರವಿದ್ದಷ್ಟೂ ಕಳವು ಹೆಚ್ಚಾಯಿತು. ಅದೇ ಬಳಗದ ಕಿಟಿವೇಕ್ ಎಂಬ ಹಕ್ಕಿ ಶತ್ರುಗಳು ಸುಲಭವಾಗಿ ತಲುಪಲಾಗದ ಕಡಿದಾದ ಬಂಡೆಯಲ್ಲಿ ಗೂಡು ಮಾಡುತ್ತದೆ. ಅದು ಚಿಪ್ಪನ್ನು ಎಸೆಯುವ ಗೊಡವೆಗೇ ಹೋಗುವುದಿಲ್ಲ. ಚಿಪ್ಪಿನ ಅಂಚು ಮರಿಗೆ ತಾಗುವುದೇ ಮುಖ್ಯ ಕಾರಣವಾಗಿದ್ದರೆ ಬಂಡೆಯ ಮೇಲಿನ ಹಕ್ಕಿಯೂ ಎಸೆಯಬೇಕಿತ್ತು. ಈ ಕೊನೆಯ ತರ್ಕ ಮಕ್ಕಳಿಗೆ ಬಹಳ ಹಿಡಿಸಿತು, ಮುಂದೆ ಅದು ಗೀಜಗನ ವಿಷಯದಲ್ಲಿಯೂ ಉಪಯೋಗಕ್ಕೆ ಬಂದಿತು.

ಮಿಣುಕುಹುಳದ ಮಾತು

ಗೀಜಗ ಮಿಣುಕುಹುಳವನ್ನು ಮಣ್ಣಿನಲ್ಲಿ ಅಂಟಿಸಿ ಗೂಡಿಗೆ ದೀಪ ಮಾಡಿಕೊಳ್ಳುತ್ತದೆ ಎಂಬ ನಂಬಿಕೆ ನಮ್ಮ ಊರಿಗೆ ಮಾತ್ರ ಸೇರಿದ್ದಲ್ಲ, ಭಾರತದಲ್ಲೆಲ್ಲ ಹರಡಿರುವಂಥದ್ದು. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಿ ಮುಂದೆ ಹೋಗುವುದು ಸುಲಭವಿತ್ತು, ಆದರೆ ಅದು ವಿಜ್ಞಾನದ ಕ್ರಮವಾಗುತ್ತಿರಲಿಲ್ಲ. ಈ ನಂಬಿಕೆಯಲ್ಲಿ ಒಂದು ಸರಿಯಾದ ವೀಕ್ಷಣೆ ಅಡಗಿದೆ: ಗೂಡಿನೊಳಗೆ ಮಣ್ಣಿನ ಮುದ್ದೆಗಳಿರುತ್ತವೆ ಎಂಬುದನ್ನು ನಮ್ಮ ಹಿರಿಯರು ಗೂಡು ಬಿಡಿಸಿ ನೋಡಿಯೇ ತಿಳಿದಿದ್ದರು. ಅದರ ಮೇಲೆ ಕಟ್ಟಿದ ವಿವರಣೆಯನ್ನು ಬೇರೆ ಎರಡಕ್ಕೆ ಕೊಡುವಷ್ಟೇ ಗೌರವ ಕೊಟ್ಟು ಪರೀಕ್ಷಿಸಬೇಕು ಎಂದು ನಿರ್ಧರಿಸಿದೆವು.

ಊಹೆ ನಿಜವಾಗಿದ್ದರೆ ಏನೇನು ಕಾಣಬೇಕು ಎಂದು ಮಕ್ಕಳು ಪಟ್ಟಿ ಮಾಡಿದರು. ಮಣ್ಣಿನಲ್ಲಿ ಹುಳದ ರೆಕ್ಕೆಯ ಹೊದಿಕೆಯೋ ಕಾಲೋ ಸಿಗಬೇಕು. ಅಂಟಿಸಿದ ಹುಳ ಸತ್ತ ಮೇಲೆ ಬೆಳಕು ಉಳಿಯದ ಕಾರಣ ಹಕ್ಕಿ ಮತ್ತೆ ಮತ್ತೆ ಹೊಸ ಹುಳ ತರಬೇಕು, ಅದೂ ಹುಳ ಹಾರಾಡುವ ಕತ್ತಲಿನಲ್ಲಿ. ಎಲ್ಲಕ್ಕಿಂತ ಮುಖ್ಯವಾಗಿ, ರಾತ್ರಿ ಗೂಡಿನಲ್ಲಿರುವ ತಾಯಿಗೂ ಮರಿಗಳಿಗೂ ಬೆಳಕು ಬೇಕಾಗಿದ್ದರೆ ಮಣ್ಣು ಮೊಟ್ಟೆಯ ಕೋಣೆ ಮುಗಿದ ಮೇಲೆ ಬರಬೇಕು.

ಸಂತಾನಕಾಲ ಪೂರ್ತಿ ಮುಗಿದು ಹಕ್ಕಿಗಳು ಬಿಟ್ಟುಹೋದ ಗೂಡುಗಳನ್ನು ಪತ್ರಿಕೆಯ ಹಾಳೆಯ ಮೇಲಿಟ್ಟು ಕತ್ತರಿಯಿಂದ ಉದ್ದಕ್ಕೆ ಸೀಳಿದಾಗ ಗುಮ್ಮಟದ ಎರಡೂ ಬದಿಗಳಲ್ಲಿ ಬೂದುಬಣ್ಣದ ಗಟ್ಟಿ ಹೆಪ್ಪುಗಳು ಸಿಕ್ಕವು. ಭೂತಗನ್ನಡಿಯಲ್ಲಿ ನೋಡಿದರೆ ಹುಲ್ಲಿನ ಎಳೆಗಳು ಮಣ್ಣಿನೊಳಗೆ ಹುದುಗಿದ್ದವು, ಸಣ್ಣ ಬೇರುಗಳೂ ಮರಳಿನ ಹರಳುಗಳೂ ಇದ್ದವು, ಒಂದೆರಡು ಕಡೆ ಕೊಕ್ಕು ಒತ್ತಿದ ಗುಳಿ ಹಾಗೆಯೇ ಒಣಗಿತ್ತು. ಹುಳದ ಯಾವ ಅವಶೇಷವೂ ಕಾಣಲಿಲ್ಲ. ಇಲ್ಲಿ ಮಕ್ಕಳಿಗೆ ಒಂದು ಎಚ್ಚರಿಕೆ ಕೊಡಬೇಕಾಯಿತು: ಕೆಲವು ಗೂಡುಗಳಲ್ಲಿ ಸಿಗಲಿಲ್ಲ ಎಂಬುದರಿಂದ ಎಲ್ಲಿಯೂ ಇಲ್ಲವೆಂದು ಸಿದ್ಧವಾಗುವುದಿಲ್ಲ. ಈ ಊಹೆಯನ್ನು ಹೆಚ್ಚು ಬಲವಾಗಿ ಅಲುಗಿಸಿದ್ದು ಸಮಯದ ದಾಖಲೆ. ಮಣ್ಣು ಬರುವುದು ಹಗಲಿನಲ್ಲಿ, ತರುವುದು ಗಂಡು, ಆಗ ಗೂಡು ಟೋಪಿ ಹಂತದಲ್ಲಿ, ಅದರೊಳಗೆ ಮೊಟ್ಟೆಯೂ ಇಲ್ಲ, ಮರಿಯೂ ಇಲ್ಲ. ದೀಪ ಬೇಕಾದವರು ಒಳಗೆ ಬರುವ ಎಷ್ಟೋ ದಿನ ಮೊದಲೇ ಮಣ್ಣಿನ ಕೆಲಸ ಮುಗಿದಿರುತ್ತದೆ. ಅಜ್ಜಿಯ ಮಾತನ್ನು ತಂದ ಹುಡುಗಿಯೇ ಈ ತೀರ್ಮಾನವನ್ನು ಬರೆದಳು, ಮನೆಗೆ ಹೋಗಿ ಸೀಳಿದ ಗೂಡನ್ನು ಅಜ್ಜಿಗೂ ತೋರಿಸಿದಳು.

ಗಾಳಿ, ಭಾರ ಮತ್ತು ಮರ ಹತ್ತುವವರು

ಭಾರದ ಊಹೆಗೆ ಭೌತಶಾಸ್ತ್ರದ ಆಸರೆ ಇದೆ. ನೇತಾಡುವ ವಸ್ತುವನ್ನು ಗಾಳಿ ಒಂದೇ ಬಲದಿಂದ ಅಡ್ಡಕ್ಕೆ ತಳ್ಳುವಾಗ ವಸ್ತುವಿನ ಭಾರ ಹೆಚ್ಚಾದಷ್ಟೂ ಅದು ಲಂಬದಿಂದ ಸರಿಯುವ ಕೋನ ಕಡಿಮೆಯಾಗುತ್ತದೆ. ಟೋಪಿ ಹಂತದ ಗೂಡು ಹಗುರವಾಗಿಯೂ ಕೆಳಗೆ ತೆರೆದುಕೊಂಡೂ ಇರುವುದರಿಂದ ಗಾಳಿ ಅದರೊಳಗೆ ತುಂಬಿಕೊಳ್ಳುತ್ತದೆ. ಕೋಣೆ, ಕೊಳವೆ ಎಲ್ಲ ಮುಗಿದ ಗೂಡಿಗೆ ಅದರದೇ ಭಾರವಿರುವುದರಿಂದ ಆಗ ಮಣ್ಣು ಬೇಕಾಗದಿರಬಹುದು. ಮಣ್ಣು ಈ ಹಂತದಲ್ಲಿಯೇ ಏಕೆ ಬರುತ್ತದೆ ಎಂಬುದನ್ನು ಈ ಊಹೆ ವಿವರಿಸುತ್ತದೆ, ಗೀಜಗವನ್ನು ಅಭ್ಯಾಸ ಮಾಡಿದವರಲ್ಲಿಯೂ ಇದಕ್ಕೆ ಮನ್ನಣೆ ಇದೆ.

ಆದರೆ ಒಂದು ಊಹೆ ಸರಿಯೆನಿಸಿದಾಗಲೇ ಅದನ್ನು ಹೆಚ್ಚು ಕಾಡಬೇಕು. ಬರಿಯ ಭಾರಕ್ಕಾಗಿ ಮಣ್ಣು ಮೆತ್ತುವುದಾದರೆ ತೂಗಾಟ ತಡೆಯಲು ಅದು ಗೂಡಿನ ಕೆಳಭಾಗದಲ್ಲಿ ಇದ್ದಷ್ಟೂ ಒಳ್ಳೆಯದು. ಮೇಲಿನ ಗುಮ್ಮಟಕ್ಕೆ ಮೆತ್ತಿದರೆ ಅಷ್ಟೇ ಮಣ್ಣಿನಿಂದ ಪ್ರಯೋಜನ ಕಡಿಮೆ. ಹಾಗಾದರೆ ಮಣ್ಣು ಗೋಡೆಯ ಯಾವ ಎತ್ತರದಲ್ಲಿದೆ ಎಂಬುದು ಅಳೆಯಬೇಕಾದ ಸಂಗತಿಯಾಯಿತು. ನೇಯ್ಗೆಯನ್ನು ಗಟ್ಟಿಗೊಳಿಸುವುದಕ್ಕೆ ಮೆತ್ತುವುದಾದರೆ ಹೆಪ್ಪುಗಳು ಎಳೆಗಳು ಸಡಿಲವಾಗುವ ಜಾಗದಲ್ಲಿ, ಪಟ್ಟಿ ಗೋಡೆಗೆ ಸೇರುವ ಕಡೆ, ಹೆಚ್ಚಾಗಿ ಇರಬೇಕು. ಭಾರ ಮತ್ತು ಗಟ್ಟಿತನ ಎರಡನ್ನೂ ಮಕ್ಕಳು ಅಲ್ಲಿಯವರೆಗೆ ಗಾಳಿಯ ಊಹೆ ಎಂದು ಒಂದೇ ಹೆಸರಿನಿಂದ ಕರೆಯುತ್ತಿದ್ದರು. ಎರಡೂ ಬೇರೆ ಬೇರೆ ಮುನ್ಸೂಚನೆ ಕೊಡುತ್ತವೆ ಎಂದು ಗೊತ್ತಾದ ಮೇಲೆ ಅವುಗಳನ್ನು ಬೇರ್ಪಡಿಸಿದರು. ಈ ಯೋಜನೆಯಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಹೆಜ್ಜೆ ಇದು.

ಈ ಘಟ್ಟದಲ್ಲಿ ಊರಿನಲ್ಲಿ ತೆಂಗಿನ ಮರ ಹತ್ತುವ ಒಬ್ಬರು ಕೊಟ್ಟ ಮಾಹಿತಿ ದೊಡ್ಡ ಸಹಾಯವಾಯಿತು. ಗೂಡುಗಳು ಮರದ ಮೂಡು ಬದಿಯ ಮಡಲುಗಳಲ್ಲಿಯೇ ಹೆಚ್ಚು, ಪಡು ಬದಿಯಲ್ಲಿ ಅಪರೂಪ ಎಂದು ಅವರು ಹೇಳಿದರು. ನೈರುತ್ಯದಿಂದ ಬೀಸುವ ಮುಂಗಾರಿನ ಗಾಳಿಗೆ ಮರದ ಮರೆ ಸಿಗುವುದು ಮೂಡು ಬದಿಯಲ್ಲಿ. ಗೀಜಗಗಳು ಹೀಗೆ ಪೂರ್ವದ ಬದಿಯನ್ನು ಆರಿಸುವುದು ಕೆಲವು ಅಧ್ಯಯನಗಳಲ್ಲಿ ಕಂಡುಬಂದಿದೆ, ಎಲ್ಲ ಕಡೆಯೂ ಹಾಗಿಲ್ಲ. ನಮ್ಮ ಬೈಲಿನ ಒಂದು ಮೂಲೆಯಲ್ಲಿ ಮುರಕಲ್ಲಿನ ಗುಡ್ಡೆ ಪಡುವಣ ಗಾಳಿಗೆ ಅಡ್ಡವಾಗಿದ್ದು, ಅಲ್ಲಿನ ಮರಗಳಲ್ಲಿ ಮಾತ್ರ ಪಡು ಬದಿಯಲ್ಲಿಯೂ ಗೂಡುಗಳಿದ್ದವು. ಹಾಗಾಗಿ ಪ್ರಶ್ನೆ ಇನ್ನೂ ಹರಿತವಾಯಿತು: ಗಾಳಿಗೆ ತೆರೆದ ಜಾಗದ ಗೂಡಿನಲ್ಲಿ ಮರೆಯಲ್ಲಿರುವ ಗೂಡಿಗಿಂತ ಹೆಚ್ಚು ಮಣ್ಣಿದೆಯೇ? ಇದ್ದರೆ ಭಾರದ ಊಹೆಗೆ ಬಲ. ಎರಡರಲ್ಲಿಯೂ ಸಮನಾಗಿದ್ದರೆ ಅಥವಾ ಮರೆಯಲ್ಲಿಯೇ ಹೆಚ್ಚಿದ್ದರೆ ಅದು ಕುಂದುತ್ತದೆ.

ಮಣ್ಣನ್ನು ಅಳೆಯುವ ದಾರಿ ಸರಳವಾಗಿತ್ತು. ಬಿಟ್ಟ ಗೂಡನ್ನು ಬಿಸಿಲಲ್ಲಿ ಒಣಗಿಸಿ ತೂಗಿ, ನೀರಿನಲ್ಲಿ ನೆನೆಸಿ ಮಣ್ಣನ್ನು ಬಿಡಿಸಿ, ಹುಲ್ಲನ್ನು ಮತ್ತೆ ಒಣಗಿಸಿ ತೂಗಿದರೆ ವ್ಯತ್ಯಾಸವೇ ಮಣ್ಣಿನ ತೂಕ. ಯಾವ ಗೂಡುಗಳನ್ನು ಆರಿಸಬೇಕು ಎಂಬುದೇ ಕಷ್ಟ. ನೆಲದಲ್ಲಿ ಬಿದ್ದದ್ದನ್ನು ಹೆಕ್ಕಿದರೆ ಸುಲಭ, ಆದರೆ ಬಿದ್ದವು ಗಾಳಿಗೆ ಸೋತ ಗೂಡುಗಳು. ಅವುಗಳಲ್ಲಿ ಮಣ್ಣು ಕಡಿಮೆಯೆಂದು ಕಂಡರೆ ಅದು ಹಕ್ಕಿಗಳೆಲ್ಲ ಕಡಿಮೆ ಮೆತ್ತುತ್ತವೆ ಎಂಬುದನ್ನು ಹೇಳುವುದಿಲ್ಲ, ಕಡಿಮೆ ಮೆತ್ತಿದವು ಬಿದ್ದವು ಎಂಬುದನ್ನು ಹೇಳಬಹುದು. ಅದು ಉಪಯುಕ್ತ ಮಾಹಿತಿಯೇ, ಆದರೆ ಬೇರೆ ಪ್ರಶ್ನೆಗೆ. ಆದ್ದರಿಂದ ಕಾಯಿ ಕೀಳುವ ಸಮಯದಲ್ಲಿ ಮರ ಹತ್ತುವವರು ಆಯ್ದ ಮರಗಳ ಎಲ್ಲ ಹಳೆಯ ಗೂಡುಗಳನ್ನೂ ಬದಿಯ ಗುರುತು ಕಟ್ಟಿ ಇಳಿಸಿಕೊಡುವುದು, ಬಿದ್ದವುಗಳನ್ನು ಬೇರೆ ಚೀಲದಲ್ಲಿ ಇಡುವುದು ಎಂದು ಗೊತ್ತುಮಾಡಿದೆವು. ಹಕ್ಕಿ ವಾಸವಿರುವ ಗೂಡನ್ನು ಮುಟ್ಟುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬುದರ ವ್ಯಾಖ್ಯೆಯೊಳಗೆ ಕಾಡುಹಕ್ಕಿಯ ಮೊಟ್ಟೆಗೂ ಗೂಡಿಗೂ ತೊಂದರೆ ಕೊಡುವುದು ಸೇರಿದೆ. ಕಾಯ್ದೆ ಇಲ್ಲದಿದ್ದರೂ ಶಾಲೆಯ ಒಂದು ಯೋಜನೆಗಾಗಿ ಮರಿಗಳನ್ನು ಅಪಾಯಕ್ಕೆ ಒಡ್ಡುವ ಹಕ್ಕು ನಮಗಿಲ್ಲ ಎಂಬುದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿದ್ದೆ.

ಹೆಣ್ಣಿನ ಆಯ್ಕೆಯ ಊಹೆ

ಮಣ್ಣು ಬರುವ ಹಂತವೇ ಹೆಣ್ಣು ಗೂಡು ನೋಡಲು ಬರುವ ಹಂತವೂ ಆಗಿರುವುದು ಈ ಊಹೆಯ ಬಲ. ಮಣ್ಣು ಮೆತ್ತಿದ ಗೂಡುಗಳು ಮೆತ್ತದವುಗಳಿಗಿಂತ ಹೆಚ್ಚಾಗಿ ಒಪ್ಪಿಗೆ ಪಡೆಯುತ್ತವೆಯೇ ಎಂದು ಮಕ್ಕಳು ಪ್ರಶ್ನೆ ಹಾಕಿದರು. ಪ್ರಶ್ನೆ ಚೆನ್ನಾಗಿಯೇ ಇದೆ, ಆದರೆ ಅದರೊಳಗೆ ಒಂದು ತೊಡಕಿದೆ. ಟೋಪಿ ಹಂತಕ್ಕೆ ಬಂದು ಹೆಚ್ಚು ದಿನವಾದ ಗೂಡಿನಲ್ಲಿ ಮಣ್ಣೂ ಹೆಚ್ಚಿರುತ್ತದೆ, ಅದನ್ನು ನೋಡಿಹೋದ ಹೆಣ್ಣುಗಳೂ ಹೆಚ್ಚಿರುತ್ತವೆ. ಒಪ್ಪಿಗೆ ಮಣ್ಣಿನಿಂದ ಸಿಕ್ಕಿತೋ ದಿನ ಕಳೆದದ್ದರಿಂದ ಸಿಕ್ಕಿತೋ ಎಂದು ಬಿಡಿಸಲಾಗದು. ಒಂದೇ ದಿನ ಟೋಪಿ ಹಂತ ತಲುಪಿದ ಗೂಡುಗಳನ್ನು ಮಾತ್ರ ಹೋಲಿಸಿದರೆ ಈ ತೊಡಕು ಕಳೆಯುತ್ತದೆ.

ಎರಡನೆಯ ತೊಡಕು ಜಾಗದ್ದು. ಸುಹೇಲ್ ಕ್ವಾಡರ್ ಅವರು ಗೀಜಗಗಳ ಮೇಲೆ ನಡೆಸಿ 2005 ಮತ್ತು 2006ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಹೆಣ್ಣಿನ ಆಯ್ಕೆಯಲ್ಲಿ ಗೂಡಿನ ನೇಯ್ಗೆಗಿಂತ ಗೂಡಿರುವ ಜಾಗ ಹೆಚ್ಚು ಮುಖ್ಯವೆಂದು ಕಂಡುಬಂದಿತು. ಎತ್ತರದಲ್ಲಿರುವ, ತೆಳ್ಳನೆಯ ಕೊಂಬೆಗೆ ಕಟ್ಟಿದ ಗೂಡುಗಳಿಗೆ ಒಪ್ಪಿಗೆ ಹೆಚ್ಚು. ಒಳ್ಳೆಯ ಜಾಗ ಹಿಡಿದ ಗಂಡೇ ಮಣ್ಣನ್ನೂ ಹೆಚ್ಚು ಮೆತ್ತುತ್ತಿದ್ದರೆ ಮಣ್ಣಿಗೆ ಇಲ್ಲದ ಮಹತ್ವ ಬಂದುಬಿಡುತ್ತದೆ. ಹಾಗಾಗಿ ಒಂದೇ ಮರದ, ಹತ್ತಿರ ಹತ್ತಿರದ ಎತ್ತರದ ಗೂಡುಗಳ ನಡುವೆ ಹೋಲಿಕೆ ನಡೆಯಬೇಕು. ಇಷ್ಟೆಲ್ಲ ನಿಬಂಧನೆ ಹಾಕಿದ ಮೇಲೆ ಹೋಲಿಸಲು ಉಳಿಯುವ ಗೂಡುಗಳು ಕಡಿಮೆಯಾಗುತ್ತವೆ ಎಂದು ಮಕ್ಕಳು ಬೇಸರಪಟ್ಟರು. ಬೇಸರ ಸಹಜವೇ; ಆದರೂ ಯಾವುದನ್ನು ಅಳೆಯುತ್ತಿದ್ದೇವೆಂದು ಗೊತ್ತಿಲ್ಲದ ನೂರು ಗೂಡುಗಳಿಗಿಂತ ಗೊತ್ತಿರುವ ಹತ್ತು ಗೂಡುಗಳೇ ಮೇಲು.

ಕಲಿಕೆ ಮತ್ತು ವಂಶ

ಮರಿಗಂಡುಗಳು ಮಣ್ಣು ಮೆತ್ತುವುದನ್ನು ನೋಡಿ ಕಲಿಯುತ್ತವೆಯೇ ಎಂಬ ಪ್ರಶ್ನೆಯನ್ನು ಈ ಯೋಜನೆಯಿಂದ ಕೈಬಿಟ್ಟೆವು. ಗುರುತು ಹಾಕಿದ ಹಕ್ಕಿಗಳಿಲ್ಲದೆ ಅದು ಆಗದ ಕೆಲಸ. ಆಫ್ರಿಕದ ನೇಕಾರ ಹಕ್ಕಿಗಳ ಮೇಲೆ ಕಾಲಿಯಾಸ್ ದಂಪತಿ ನಡೆಸಿದ ಪ್ರಯೋಗಗಳಲ್ಲಿ, ಎಳೆತನದಲ್ಲಿ ಹಸಿರು ಹುಲ್ಲು ಸಿಗದೆ ಬೆಳೆದ ಗಂಡುಗಳು ನೇಯ್ಗೆಯಲ್ಲಿ ಹಿಂದೆ ಬಿದ್ದವು ಎಂಬುದನ್ನು ಮಾತ್ರ ಮಕ್ಕಳು ತಮ್ಮ ವರದಿಯಲ್ಲಿ ಉಲ್ಲೇಖಿಸಿದರು.

ವಂಶದ ಪ್ರಶ್ನೆ ಅನಿರೀಕ್ಷಿತವಾಗಿ ಗಾಳಿಯ ಊಹೆಯನ್ನೇ ಕೆಣಕಿತು. ಭಾರತದಲ್ಲಿ ಗೀಜಗನ ಬಳಗದ ನಾಲ್ಕು ಜಾತಿಗಳಿವೆ. ಅವುಗಳಲ್ಲಿ ಗೆರೆಗಳ ಗೀಜಗ ಮತ್ತು ಕಪ್ಪೆದೆ ಗೀಜಗ ಜೌಗಿನ ಜೊಂಡು, ಎತ್ತರದ ಹುಲ್ಲುಗಳ ನಡುವೆ ತಗ್ಗಿನಲ್ಲಿ ಗೂಡು ಕಟ್ಟುತ್ತವೆ, ಅವುಗಳೂ ಟೋಪಿ ಹಂತದಲ್ಲಿ ಮಣ್ಣು ಅಥವಾ ಸಗಣಿ ಮೆತ್ತುವುದು ದಾಖಲಾಗಿದೆ. ಕಪ್ಪೆದೆಯದು ಹೂವಿನ ಎಸಳುಗಳನ್ನೂ ಸಿಕ್ಕಿಸುತ್ತದೆ. ಬಂಡೆಯ ಮೇಲಿನ ಕಡಲಕ್ಕಿಯ ತರ್ಕವನ್ನು ನೆನಪಿಟ್ಟಿದ್ದ ಹುಡುಗ ತಾನಾಗಿಯೇ ಕೇಳಿದ: ಜೊಂಡಿನ ಮರೆಯಲ್ಲಿ ಅಷ್ಟು ತೂಗಾಡದ ಗೂಡಿಗೂ ಮಣ್ಣು ಬೇಕೆಂದಾದರೆ ಮಣ್ಣು ಭಾರಕ್ಕೆಂದು ಹೇಗೆ ಹೇಳುವುದು? ಎಸಳಿಗಂತೂ ಭಾರವೇ ಇಲ್ಲ. ಇದು ಹೆಣ್ಣಿನ ಆಯ್ಕೆಯ ಕಡೆಗೆ ತಕ್ಕಡಿಯನ್ನು ಸ್ವಲ್ಪ ವಾಲಿಸುತ್ತದೆ. ಆದರೆ ಪೂರ್ವಜ ಹಕ್ಕಿಯಲ್ಲಿ ಒಂದು ಕಾರಣಕ್ಕೆ ಹುಟ್ಟಿದ ವರ್ತನೆ ಮುಂದೆ ಬೇರೆ ಬೇರೆ ಜಾತಿಗಳಲ್ಲಿ ಬೇರೆ ಕೆಲಸಕ್ಕೆ ಒದಗಿರಬಹುದು ಎಂಬ ಸಾಧ್ಯತೆಯೂ ಉಳಿಯುತ್ತದೆ. ಗೀಜಗದಲ್ಲಿ ಮಣ್ಣು ಎರಡೂ ಕೆಲಸ ಮಾಡುತ್ತಿರಲೂಬಹುದು. ಗಾಳಿಗೆ ಅಲ್ಲಾಡದ ಗೂಡನ್ನೇ ಹೆಣ್ಣು ಮೆಚ್ಚುವುದಾದರೆ ಎರಡು ಊಹೆಗಳೂ ಒಂದರೊಳಗೊಂದು ಸೇರಿಹೋಗುತ್ತವೆ.

ಯೋಜನೆಗೆ ಕೊನೆಗೆ ಆರಿಸಿಕೊಂಡ ಪ್ರಶ್ನೆಯನ್ನು ಮಕ್ಕಳು ಹೀಗೆ ಬರೆದರು: ಒಂದೇ ಬೈಲಿನಲ್ಲಿ, ಒಂದೇ ಹಂಗಾಮಿನಲ್ಲಿ ಕಟ್ಟಿದ ಗೂಡುಗಳಲ್ಲಿ, ಗಾಳಿಗೆ ತೆರೆದ ಬದಿಯ ಗೂಡುಗಳ ಮಣ್ಣಿನ ತೂಕವು ಹುಲ್ಲಿನ ತೂಕಕ್ಕೆ ಹೋಲಿಸಿದಾಗ ಮರೆಯ ಬದಿಯ ಗೂಡುಗಳಿಗಿಂತ ಹೆಚ್ಚಾಗಿದೆಯೇ? ಹುಲ್ಲಿನ ತೂಕಕ್ಕೆ ಹೋಲಿಸುವ ಮಾತನ್ನು ಸೇರಿಸಿದ್ದು ಗೂಡುಗಳು ಒಂದೇ ಗಾತ್ರದಲ್ಲಿರುವುದಿಲ್ಲ ಎಂಬ ಕಾರಣಕ್ಕೆ. ಪೂರ್ತಿಯಾದ ಗೂಡುಗಳನ್ನೂ ಟೋಪಿಯಲ್ಲಿಯೇ ನಿಂತವುಗಳನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಬೇಕೆಂಬ ಟಿಪ್ಪಣಿಯೂ ಕೆಳಗಿದೆ. ಟೋಪಿಯಲ್ಲಿ ನಿಂತದ್ದು ಒಪ್ಪಿಗೆ ಸಿಗದ ಗೂಡಾದ್ದರಿಂದ ಅದೇ ತೂಕದ ಪಟ್ಟಿಯಿಂದ ಹೆಣ್ಣಿನ ಆಯ್ಕೆಯ ಬಗೆಗೂ ಒಂದು ಸೂಚನೆ ಸಿಗುತ್ತದೆ. ಗೂಡುಗಳನ್ನು ನೆನೆಸುವ ಮೊದಲು ಪ್ರತಿ ಹೆಪ್ಪಿನ ಒಂದು ಚೂರನ್ನು ತೆಗೆದಿಡಬೇಕೆಂದು ಅಜ್ಜಿಯ ಮಾತನ್ನು ತಂದಿದ್ದ ಹುಡುಗಿ ಸೂಚಿಸಿದಳು. ಅವಳ ಪ್ರಶ್ನೆ ಹೀಗಿತ್ತು: ಮಳೆ ಬಿಟ್ಟು ಹುಣಿಯ ಮಣ್ಣು ಗಟ್ಟಿಯಾದ ದಿನಗಳಲ್ಲಿ ಹಕ್ಕಿ ಮಣ್ಣಿನ ಬದಲು ಕೊಟ್ಟಿಗೆಯ ಹತ್ತಿರದ ಸಗಣಿಯನ್ನು ತರುತ್ತದೆಯೇ? ಸಗಣಿಯಲ್ಲಿ ಅರೆಜೀರ್ಣವಾದ ಹುಲ್ಲಿನ ನಾರು ಭೂತಗನ್ನಡಿಗೆ ಎದ್ದು ಕಾಣುವುದರಿಂದ ಇದನ್ನು ನೋಡಲು ಬೇರೆ ಉಪಕರಣ ಬೇಡ, ಕೊಟ್ಟಿಗೆ ಇರುವ ಮನೆಗಳ ಹತ್ತಿರದ ಮರಗಳನ್ನು ಗುರುತು ಮಾಡಿಕೊಂಡರೆ ಸಾಕು. ಆ ಮರಗಳ ಪಟ್ಟಿಯನ್ನು ಅವಳು ಈಗಾಗಲೇ ಮಾಡಿಟ್ಟಿದ್ದಾಳೆ.